ಬುಧವಾರದ ಸೊನ್ನೆಗಳು

ಸಂಘಮಿತ್ರಳಿಗೆ ಒಂದು ಸಣ್ಣ ಅಳುಕಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ, ಡೈರಿಯಲ್ಲಿ ಮಾತ್ರ ಬರೆದಿದ್ದಳು. ಬೋಗಾದಿಯ ಆ ಬಾಡಿಗೆ ಮನೆಗೆ ದಿನ ಬಿಟ್ಟು ದಿನ ಬೆಳಗಿನ ಐದೂವರೆಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಕೊಡ ತುಂಬುವಷ್ಟು ಹೊತ್ತು ಹಿತ್ತಲ ಮೆಟ್ಟಿಲ ಮೇಲೆ ಕೂತು ನಾಲ್ಕು ಸಾಲು ಬರೆಯುವುದು ಅವಳ ರೂಢಿ. ಆವತ್ತು ಬರೆದದ್ದು ಇಷ್ಟು: ‘ನಾನು ಮಾತಾಡದೆ ಇರುವುದನ್ನು ಆಫೀಸಿನಲ್ಲಿ ಎಲ್ಲರೂ ಬುದ್ಧಿವಂತಿಕೆ ಅಂದುಕೊಂಡಿದ್ದಾರೆ. ಇದು ಎಷ್ಟು ದಿನ ನಡೆಯುತ್ತದೋ ಕಾಣೆ.’

ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಕೊಡ ತುಂಬಿ ನೀರು ಕಾಲಿಗೆ ಬಂತು. ಒಳಗಿನಿಂದ ತಾಯಿ ಬಸವಮ್ಮನ ದನಿ ಬಂತು. ‘ಊರೋರ ಹೊಳೆ ನೀರೆಲ್ಲ ಲೆಕ್ಕ ಹಾಕ್ತಾಳೆ ನನ್ ಮಗಳು. ಮನೆ ಕೊಡ ತುಂಬಿದ್ದು ಮಾತ್ರ ಕಾಣೋದಿಲ್ಲ.’

ಬಸವಮ್ಮ ನರ್ಸಿಂಗ್ ಹೋಮೊಂದರಲ್ಲಿ ಆಯಾ. ಮಗಳು ಬಿ.ಎಸ್ಸಿ. ಮುಗಿಸಿದ್ದನ್ನು ವಾರ್ಡಿನಲ್ಲಿ ಮಲಗಿದವರಿಗೆಲ್ಲ ಹೇಳಿದ್ದಾಕೆ. ಮಗಳಿಗೆ ಗಣಿತ ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಡಿಗ್ರಿ ಆದಮೇಲೆ ಒಂದು ಟ್ಯುಟೋರಿಯಲ್ಲಿನಲ್ಲಿ ಎಂಟು ದಿನ ಪಾಠ ಮಾಡಿದ್ದಳು. ಒಂಬತ್ತನೇ ದಿನ ಹಿಂದಿನ ಬೆಂಚಿನವರು ‘ಮಿಸ್, ವಾಲ್ಯೂಮ್’ ಎಂದರು. ಹತ್ತನೇ ದಿನ ಅವಳು ಹೋಗಲಿಲ್ಲ.

ಅದಾದ ಮೇಲೆ, ತೊಂಬತ್ತೇಳರ ನವೆಂಬರಿನಲ್ಲಿ, ಪ್ರಭುಸ್ವಾಮಿಯವರ ಆಫೀಸು ಸಿಕ್ಕಿತು. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯ ಮಹಡಿ, ಎರಡು ಕೋಣೆ, ಒಂದು ಕಂಪ್ಯೂಟರು. ಪ್ರಭುಸ್ವಾಮಿ ರಿಟೈರಾದ ಎಂಜಿನಿಯರು. ಹಣೆಗೆ ಮೂರು ಬೆರಳು ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ನಡೆಯುವಾಗ ರಸ್ತೆಯ ಚರಂಡಿ ಯಾವ ಕಡೆಗೆ ಇಳಿಜಾರಿದೆ ಎಂದು ನೋಡುತ್ತಲೇ ಹೋಗುವ ಮನುಷ್ಯ. ಸಂದರ್ಶನದ ದಿನ ಹೆಸರು ಕೇಳಿ ‘ಒಳ್ಳೇ ಹೆಸರಮ್ಮ’ ಎಂದರು. ಅಲ್ಲಿಂದ ಮುಂದೆ ಯಾವ ಜನ, ಯಾವ ಊರು ಎಂದು ಕೇಳಲಿಲ್ಲ. ‘ದಿನಾ ಕೂಡೋದು ಕಳೆಯೋದೇ ಕೆಲಸ. ಬೇಜಾರಿಲ್ಲ ತಾನೇ?’ ಎಂದರು. ಅವಳು ತಲೆಯಾಡಿಸಿದಳು. ಅಷ್ಟಕ್ಕೇ ಕೆಲಸ ಆಯಿತು. ಕಿಟಕಿ ಪಕ್ಕದ ಮೇಜು ಅವಳದಾಯಿತು. ಇಡೀ ದಿನ ಬಾಯಿ ತೆರೆಯದೆ ಸಂಬಳ ಪಡೆಯಬಹುದಾದ ಜಾಗ ಮೈಸೂರಿನಲ್ಲಿ ಇನ್ನೊಂದಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಕೆಲಸ ಅರಳಿಹೊಳೆಯದು. ಆ ಹೊಳೆಗೆ ಅರವತ್ತೊಂಬತ್ತರಲ್ಲಿ ಅಣೆಕಟ್ಟೆ ಕಟ್ಟಿದ್ದರು. ಕಟ್ಟೆಯೇ ಇಲ್ಲದಿದ್ದರೆ ಹೊಳೆಯಲ್ಲಿ ತಿಂಗಳು ತಿಂಗಳು ಎಷ್ಟು ನೀರು ಹರಿಯುತ್ತಿತ್ತು ಎಂದು ನೀರಾವರಿ ಇಲಾಖೆಯವರಿಗೆ ಬೇಕಾಗಿತ್ತು. ಈಗಿರುವ ಹೊಳೆ ಕಟ್ಟೆಯ ತೂಬು ಹೇಳಿದಂತೆ ಕೇಳುವ ಹೊಳೆ. ಅದರ ಸ್ವಂತ ಹರಿವು ಎಷ್ಟೆಂದು ಅದನ್ನು ನೋಡಿ ಹೇಳಲು ಬರುವುದಿಲ್ಲ.

‘ನಮ್ಮನೆ ಬಚ್ಚಲ ತೊಟ್ಟಿ ಇದೆ ಅಂದ್ಕೊಳಮ್ಮ,’ ಎಂದು ಮೊದಲ ದಿನ ಪ್ರಭುಸ್ವಾಮಿ ಹೇಳಿಕೊಟ್ಟಿದ್ದರು. ‘ನಲ್ಲಿ ಗೋಡೆ ಆಚೆ ಇದೆ, ನಿನಗೆ ಕಾಣೋದಿಲ್ಲ. ತೊಟ್ಟಿ ನೀರು ನಿನ್ನೆಗಿಂತ ಎಷ್ಟು ಏರಿದೆ ಅಥವಾ ಇಳಿದಿದೆ ನೋಡು. ಚೆಂಬಲ್ಲಿ ಎಷ್ಟು ತೆಗೆದ್ರು ಅಂತ ಸೇರಿಸು. ಬಿಸಿಲಿಗೆ ಆವಿಯಾಗಿದ್ದೂ ಸೇರಿಸು. ನಲ್ಲೀಲಿ ಎಷ್ಟು ಬಂತು ಅಂತ ಗೊತ್ತಾಯ್ತಲ್ಲ? ಹೊಳೆನೂ ಅಷ್ಟೇ.’

ಕಟ್ಟೆಯ ನೀರಿನ ಮಟ್ಟವನ್ನು ದಿನಕ್ಕೊಂದು ಸಲ ನೋಡಿ ಬರೆದಿಟ್ಟ ರಿಜಿಸ್ಟರುಗಳು ಬಂದವು. ಎಪ್ಪತ್ತಾರರಿಂದ ತೊಂಬತ್ತೈದರವರೆಗೆ ಇಪ್ಪತ್ತು ವರ್ಷ, ಎಲ್ಲ ಒಬ್ಬನದೇ ಕೈಬರಹ. ದುಂಡಗಿನ ಅಂಕಿ, ಪ್ರತಿ ಪುಟದ ಕೆಳಗೆ ‘ಪು. ಮಾ.’ ಎಂದು ರುಜು. ತೂಬಿನಿಂದ ಬಿಟ್ಟ ನೀರು, ನಾಲೆಗೆ ಹೋದ ನೀರು, ಇವುಗಳ ಲೆಕ್ಕ ಬೇರೆ ಪುಸ್ತಕದಲ್ಲಿತ್ತು. ಎಲ್ಲವನ್ನೂ ಅವಳು ಕಂಪ್ಯೂಟರಿಗೆ ಏರಿಸಿದಳು.

ಎಲ್ಲರ ಕಣ್ಣಿದ್ದದ್ದು ಏಪ್ರಿಲ್ ತಿಂಗಳ ಮೇಲೆ. ಏಪ್ರಿಲಿನಲ್ಲಿ ಹೊಳೆ ತೀರ ಸಣ್ಣದಾಗುತ್ತದೆ. ಕಟ್ಟೆಯ ಕೆಳಗಿನ ಏಳು ಹಳ್ಳಿಗಳಿಗೆ, ಜನಕ್ಕೂ ದನಕ್ಕೂ ಸೇರಿ, ಇಪ್ಪತ್ತು ಕ್ಯುಸೆಕ್ ಹೊಳೆಯಲ್ಲೇ ಬಿಡಬೇಕೆಂದು ನಿಯಮವಾಗಿತ್ತು. ಅದಕ್ಕಿಂತ ಹೆಚ್ಚಿಗೆ ಬರುವ ನೀರಿದ್ದರೆ ಅದನ್ನು ಪೈಪಿನಲ್ಲಿ ಹೂಟಗಳ್ಳಿಯ ಕಡೆ ಏಳುತ್ತಿದ್ದ ಹೊಸ ಬಡಾವಣೆಗಳಿಗೆ ತರುವ ಯೋಜನೆ. ಹೆಚ್ಚಿಗೆ ಎಷ್ಟು ಎಂದು ಹೇಳಬೇಕಾದದ್ದು ಪ್ರಭುಸ್ವಾಮಿಯವರ ವರದಿ.

ಜನವರಿಯಲ್ಲಿ ಒಂದು ದಿನ ಅವಳಿಗೆ ಒಂದು ವಿಚಿತ್ರ ಅಂಕಿ ಬಂತು. ಎಪ್ಪತ್ತಾರರ ಏಪ್ರಿಲ್ ಏಳನೇ ತಾರೀಖು, ಹೊಳೆಯ ಹರಿವು ಮೈನಸ್ ಎಪ್ಪತ್ತಾರು ಕ್ಯುಸೆಕ್. ಎರಡು ಸಲ, ಮೂರು ಸಲ ಹಾಕಿದಳು. ಅದೇ. ಹಾಳೆಯನ್ನು ತೆಗೆದುಕೊಂಡು ಪಕ್ಕದ ಮೇಜಿನ ನಾಗಾರ್ಜುನನ ಮುಂದೆ ಇಟ್ಟು ನಿಂತಳು. ನಾಗಾರ್ಜುನ ಆಫೀಸಿನ ಇನ್ನೊಬ್ಬ ಎಂಜಿನಿಯರು, ಅವಳಿಗಿಂತ ಆರೇಳು ವರ್ಷ ದೊಡ್ಡವನು. ನಗಿಸದೆ ಒಂದು ಮಾತೂ ಮುಗಿಸಲಾರ.

‘ಏನ್ರೀ ಇದು? ಹೊಳೆ ವಾಪಸ್ ಬೆಟ್ಟ ಹತ್ಬುಡ್ತಾ?’ ಎಂದ ಅವನು. ‘ಸೊನ್ನೆ ಹಾಕಿ ಕಣ್ರೀ. ಪಾಪ, ಅದೂ ಒಂದಿನ ರೆಸ್ಟ್ ತಗೊಳ್ಳಲಿ.’

ಅವನು ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ತಿರುಗಿ ಕೇಳುವುದಕ್ಕೆ ಬಾಯಿ ಬರಲಿಲ್ಲ. ಮೇಜಿಗೆ ಹೋಗಿ ಸೊನ್ನೆ ಹಾಕಿದಳು. ಮುಂದಿನ ವಾರ ಇನ್ನೊಂದು ಮೈನಸ್ಸು ಬಂತು, ಅದಕ್ಕೂ ಹಾಕಿದಳು. ಆಮೇಲೆ ಯಾರನ್ನೂ ಕೇಳುವುದು ಬೇಕಾಗಲಿಲ್ಲ, ಕೈಗೆ ರೂಢಿಯಾಯಿತು. ಹೊಳೆ ಹಿಂದಕ್ಕೆ ಹರಿಯುವುದಿಲ್ಲ ಎನ್ನುವುದು ಯಾರಿಗಾದರೂ ಗೊತ್ತಿರುವ ಸಂಗತಿಯೇ. ಕೆಲವು ದಿನ ಇದ್ದಕ್ಕಿದ್ದಂತೆ ಹರಿವು ನೂರು ದಾಟುತ್ತಿತ್ತು. ಮೇಲಿನ ಕಾಡಿನಲ್ಲಿ ಮಳೆ ಬಿದ್ದಿರಬೇಕು ಎಂದುಕೊಂಡು ಅದನ್ನು ಹಾಗೇ ಬಿಟ್ಟಳು.

ಮಾರ್ಚಿ ಮುಗಿಯುವ ಹೊತ್ತಿಗೆ ಗ್ರಾಫು ತಯಾರಾಯಿತು. ಏಪ್ರಿಲಿನ ಸರಾಸರಿ ಮೂವತ್ತೈದು ಕ್ಯುಸೆಕ್. ಪ್ರಭುಸ್ವಾಮಿ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ‘ಅಚ್ಚುಕಟ್ಟಾಗಿದೆ ಕಣಮ್ಮ. ನನ್ನ ಸರ್ವೀಸಲ್ಲಿ ಇಷ್ಟು ನೀಟಾಗಿ ಯಾರೂ ಮಾಡಿಕೊಟ್ಟಿರಲಿಲ್ಲ. ಈ ವರದಿ ಹೋಗಲಿ, ಮುಂದಿನ ಎರಡು ಕಟ್ಟೆ ಕೆಲಸಕ್ಕೂ ನೀನೇ ಇರು,’ ಎಂದರು. ಅವಳ ಎದುರಿಗೇ ಇಲಾಖೆಯ ಸದಾಶಿವಯ್ಯನವರಿಗೆ ಫೋನು ಮಾಡಿ ‘ಮೂವತ್ತೈದು ಬರ್ತಾ ಇದೆ ಸ್ವಾಮಿ, ಪೈಪಿಗೆ ಹನ್ನೆರಡು ಆರಾಮಾಗಿ ತಗೋಬಹುದು’ ಎಂದೂ ಹೇಳಿದರು. ಆವತ್ತು ಅವಳು ಮಾರ್ಕೆಟ್ಟಿನ ಮುಂದೆ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದುಕೊಂಡೇ ಬಸ್ಸು ಹತ್ತಿದಳು.

ಮೇ ತಿಂಗಳಲ್ಲಿ ವರದಿಯ ಕೊನೆಗೆ ಹಾಕುವ ಪಟ್ಟಿಗಳನ್ನು ತಯಾರಿಸಬೇಕಾಯಿತು. ಯಾವ ಯಾವ ದಿನದ ಅಂಕಿಯನ್ನು ತಿದ್ದಿದೆ ಎನ್ನುವುದು ಒಂದು ಪಟ್ಟಿ. ಅವಳು ಕಂಪ್ಯೂಟರಿನಿಂದ ಏಪ್ರಿಲಿನ ಸೊನ್ನೆಗಳನ್ನಷ್ಟೇ ಹೆಕ್ಕಿ ಅಚ್ಚು ಹಾಕಿದಳು. ಎಪ್ಪತ್ತಾರರಲ್ಲಿ ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು. ಎಪ್ಪತ್ತೇಳರಲ್ಲಿ ಆರು, ಹದಿಮೂರು, ಇಪ್ಪತ್ತು, ಇಪ್ಪತ್ತೇಳು. ಎಪ್ಪತ್ತೆಂಟರಲ್ಲಿ ಐದು, ಹನ್ನೆರಡು, ಹತ್ತೊಂಬತ್ತು, ಇಪ್ಪತ್ತಾರು.

ಓದುತ್ತ ಓದುತ್ತ ಅವಳ ಬೆರಳು ನಿಂತಿತು. ಮೊದಲ ಸಾಲು ಏಳರ ಮಗ್ಗಿಯಂತೆಯೇ ಇತ್ತು. ಉಳಿದ ಸಾಲುಗಳೂ ಏಳೇಳು ದಿನಕ್ಕೆ ಒಂದು ಹೆಜ್ಜೆ. ತಾರೀಖಿನಿಂದ ವಾರ ತೆಗೆಯುವುದು ಅವಳಿಗೆ ಚಿಕ್ಕಂದಿನ ಆಟ. ತೆಗೆದು ನೋಡಿದಳು. ಎಲ್ಲವೂ ಬುಧವಾರ. ಇಪ್ಪತ್ತು ವರ್ಷದ ಏಪ್ರಿಲುಗಳಲ್ಲಿ ಎಂಬತ್ತೈದು ಬುಧವಾರಗಳು. ಅದರಲ್ಲಿ ಎಪ್ಪತ್ತೊಂಬತ್ತಕ್ಕೆ ಅವಳು ಸೊನ್ನೆ ಹಾಕಿದ್ದಳು. ನೂರು ದಾಟಿದ ದಿನಗಳನ್ನು ಹುಡುಕಿದಳು. ಅವೆಲ್ಲ ಮಂಗಳವಾರ.

ಮಳೆ ವಾರ ನೋಡಿ ಬೀಳುವುದಿಲ್ಲ.

ಎರಡು ದಿನ ಅವಳು ಆ ಹಾಳೆಯನ್ನು ಮಡಿಸಿ ಡೈರಿಯೊಳಗೆ ಇಟ್ಟುಕೊಂಡು ಓಡಾಡಿದಳು. ಮೂರನೇ ದಿನ ಮಧ್ಯಾಹ್ನ ಒಬ್ಬ ಮುದುಕ ಮಹಡಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಬಿಳಿ ಪಂಚೆ, ಖಾಕಿ ಅಂಗಿ, ಕಂಕುಳಲ್ಲಿ ಚೀಲ. ‘ಸ್ವಾಮ್ಯೋರು ಯೋಳ್ಕಳ್ಸಿದ್ರು. ನಾನು ಅರಳಿಹೊಳೆ ಕಟ್ಟೆ ಪುಟ್ಟಮಾದಯ್ಯ,’ ಎಂದ.

ಪು. ಮಾ. ಇಪ್ಪತ್ತು ವರ್ಷದ ಆ ದುಂಡಗಿನ ಅಂಕಿಗಳ ಒಡೆಯ. ಕಟ್ಟೆಯಲ್ಲಿ ನೀರಿನ ಮಟ್ಟ ಅಳೆಯುವ ಗೇಜು ಯಾವ ಜಾಗದಲ್ಲಿತ್ತು ಎಂದು ವರದಿಗೆ ಬರೆದುಕೊಳ್ಳಲು ಪ್ರಭುಸ್ವಾಮಿ ಅವನನ್ನು ಕರೆಸಿದ್ದರು. ತಾವೇ ಯಾವುದೋ ಮದುವೆಗೆ ನಂಜನಗೂಡಿಗೆ ಹೋಗಿದ್ದರು. ನಾಗಾರ್ಜುನ ಊಟಕ್ಕೆ ಹೋಗಿದ್ದ. ಬರೆದುಕೊಳ್ಳುವುದಕ್ಕೆ ಉಳಿದವಳು ಇವಳೊಬ್ಬಳೇ.

ಕುರ್ಚಿ ತೋರಿಸಿದಳು. ಕೆಳಗಿನಿಂದ ಕಾಫಿ ತರಿಸಿದಳು. ಪುಟ್ಟಮಾದಯ್ಯ ಅರ್ಧ ಕುಡಿದು ಅವಳನ್ನು ನೋಡಿದ. ‘ಯಾವೂರವ್ವಾ ನಿಂದು?’

‘ಇಲ್ಲೇ, ಬೋಗಾದಿ.’

‘ಅದಲ್ಲ, ಮುಂಚೆ?’

‘ಅಮ್ಮಂದು ಟಿ. ನರಸೀಪುರದ ಕಡೆ.’

‘ಅಂಗನ್ನು,’ ಎಂದು ಸಮಾಧಾನವಾದವನಂತೆ ಉಳಿದ ಕಾಫಿ ಕುಡಿದ. ‘ಗೇಜು ತಾನೇ? ತೂಬಿನ ಪಕ್ಕ ಕಲ್ಲು ಮೆಟ್ಲು ಅವೆ, ಅದ್ರ ಮ್ಯಾಲೆ ಬಳ್ದಿದ್ರು. ಬಿಳೀ ಬಣ್ಣ, ಕರೀ ಗೀಟು. ಪಾಚಿ ಕಟ್ಟದಂಗೆ ವರ್ಸ ವರ್ಸ ನಾನೇ ತಿಕ್ತಿದ್ದೆ, ಬರ್ಕೋ.’

ಅವಳು ಬರೆದುಕೊಂಡಳು. ಆಮೇಲೆ, ಬರೆಯುವ ಹಾಳೆಯನ್ನೇ ನೋಡುತ್ತ ಕೇಳಿದಳು: ‘ಯಾವ ಹೊತ್ತಿಗೆ ನೋಡ್ತಿದ್ರಿ?’

‘ಬೆಳಿಗ್ಗೆ ಆರಕ್ಕೆ. ಚಳಿ ಇರ್ಲಿ, ಮಳೆ ಇರ್ಲಿ, ಆರಕ್ಕೆ.’

‘ದಿನಾನೂ?’

ಪುಟ್ಟಮಾದಯ್ಯ ಅವಳ ಮುಖ ನೋಡಿ ನಕ್ಕ. ‘ಆಫೀಸ್ನೋರು ಇಂಗೇ ಕಣವ್ವ, ಮೆತ್ತಗೆ ಕೇಳ್ಬುಟ್ಟು ಬಾಯಿ ಬುಡುಸ್ತೀರಿ. ಮಂಗ್ಳಾರ ಒಂದಿನ ಬುಟ್ಟು. ಮಂಗ್ಳಾರ ನಮ್ ಕಡೆ ಸಂತೆ. ಬಸ್ಸು ಇದ್ದಿದ್ದು ಒಂದೇ, ಐದೂಮುಕ್ಕಾಲ್ಗೆ. ಅದು ತಪ್ಪುದ್ರೆ ವಾರವೆಲ್ಲ ಮನೇಲಿ ಉಪ್ಪಿಲ್ಲ, ಸೀಮೆಎಣ್ಣೆ ಇಲ್ಲ. ಸಂತೆ ಮುಗುಸ್ಕೊಂಡು ನಾಲ್ಕು ಗಂಟೆಗೆ ಬಂದು ಇಳುದ್ರೆ, ಮನೆಗೂ ಹೋಗ್ತಿರ್ಲಿಲ್ಲ. ಚೀಲವ ಕಟ್ಟೆ ಮ್ಯಾಲಿಟ್ಟು ಮೆಟ್ಲು ಇಳ್ದು, ನೋಡ್ಬುಟ್ಟು ಬರೀತಿದ್ದೆ.’

‘ಹೊತ್ತು ಬರೆದಿಲ್ಲವಲ್ಲ ರಿಜಿಸ್ಟರಲ್ಲಿ?’

‘ಹೊತ್ತು ಬರಿಯಾಕೆ ಜಾಗ ಎಲ್ಲಿ ಬುಟ್ಟವ್ರೆ ಅದ್ರಲ್ಲಿ? ತಾರೀಕು, ಮಟ್ಟ, ರುಜು. ಅಷ್ಟೇ ಮೂರು ಮನೆ. ಹೊತ್ತ ಏನ್ ಅಂಗೈ ಮ್ಯಾಲ್ ಬರ್ಕೊಳ್ಳಾನಾ?’

ಅವಳಿಗೂ ನಗು ಬಂತು. ನಕ್ಕ ಧೈರ್ಯದಲ್ಲಿ ಇನ್ನೊಂದು ಕೇಳಿದಳು. ‘ನಾಲ್ಕು ಗಂಟೆಗೆ ನೀರು ಜಾಸ್ತಿ ಇರ್ತಿತ್ತಾ?’

‘ಬ್ಯಾಸ್ಗೇಲಿ ಇರ್ತದೆ. ಮಧ್ಯಾನದ ಮ್ಯಾಲೆ ಪಡುವಲ ಗಾಳಿ ಏಳ್ತದೆ. ನೀರ್ನೆಲ್ಲ ತಂದು ಕಟ್ಟೆ ಮೈಗೆ ಒತ್ತುತದೆ. ಎಲ್ಡೂವರೆ ಅಂಗುಲ ಏರುತ್ತೆ ಮೆಟ್ಲು ಮ್ಯಾಲೆ. ರಾತ್ರಿ ಗಾಳಿ ನಿಂತ್ರೆ ಬೆಳಿಗ್ಗೆಗೆ ಇಳ್ಕೊಂಡಿರ್ತದೆ. ಹೊಸ ನೀರೇನ್ ಬಂದಿರಾಕಿಲ್ಲ. ಇದ್ದ ನೀರೇ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳ್ಕೊಂಡದೆ, ಅಷ್ಟೆಯ.’

ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು. ಎಪ್ಪತ್ತಾರರ ಏಪ್ರಿಲ್ ಆರು ಮತ್ತು ಏಳು ಅವಳ ಕಣ್ಣ ಮುಂದಿದ್ದವು. ಮಂಗಳವಾರ ನೂರ ಇಪ್ಪತ್ನಾಲ್ಕು. ಅದು ಗಾಳಿ ಏರಿಸಿದ್ದು. ಬುಧವಾರ ಮೈನಸ್ ಎಪ್ಪತ್ತಾರು. ಗಾಳಿ ನಿಂತು ಇಳಿದದ್ದು. ಎರಡನ್ನೂ ಕೂಡಿದರೆ ನಲವತ್ತೆಂಟು, ದಿನಕ್ಕೆ ಇಪ್ಪತ್ನಾಲ್ಕು. ಏರಿದ್ದೂ ಇಳಿದದ್ದೂ ಸರಿಗೆ ಸರಿ ಹೋಗುತ್ತಿತ್ತು. ಏರಿದ್ದನ್ನು ಇಟ್ಟುಕೊಂಡು ಇಳಿದದ್ದನ್ನು ಮಾತ್ರ ಅಳಿಸಿದವಳು ಅವಳು. ವಾರಕ್ಕೊಂದು ಸಲದಂತೆ ಇಪ್ಪತ್ತು ವರ್ಷ, ಇಲ್ಲದ ನೀರನ್ನು ಹೊಳೆಗೆ ಸುರಿದಿದ್ದಳು.

ಪುಟ್ಟಮಾದಯ್ಯ ಚೀಲ ಎತ್ತಿಕೊಳ್ಳುತ್ತ ಹೇಳಿದ: ‘ಬ್ಯಾರೆ ಕಟ್ಟೆ ಕಡೆಯೋರು ಸಂತೆಗೆ ಹೋಗ್ಬೇಕಾದ್ರೆ ಹಿಂದಿನ ದಿನವೇ ಬರ್ದಿಡೋರು. ಕುಂತಲ್ಲೇ ಬರೆಯೋರು. ನಂಗದು ಬರಾಕಿಲ್ಲ ಕಣವ್ವ. ನೋಡ್ದೆ ಒಂದು ಅಂಕೇನೂ ಬರ್ದಿಲ್ಲ ನಾನು. ಇದ್ನೂ ಬರ್ಕೋ ಬೇಕಾದ್ರೆ.’

‘ನಿಮ್ಮೂರು ಕಟ್ಟೆಗಿಂತ ಕೆಳಗಾ?’

‘ಮಡುವಿನಕೊಪ್ಪಲು. ಕಟ್ಟೆಯಿಂದ ಮೂರು ಮೈಲಿ ಕೆಳಕ್ಕೆ. ಈಗ ಹೊಳೇಲಿ ಮೊಣಕಾಲು ನೀರದೆ. ಅದೇ ಕುಡಿಯಾಕೆ, ಅದೇ ದನಕ್ಕೆ.’

ಆವತ್ತು ಸಂಜೆಯೊಳಗೆ ಸೊನ್ನೆಗಳನ್ನೆಲ್ಲ ತೆಗೆದು ಹಳೆಯ ಮೈನಸ್ಸುಗಳನ್ನೇ ಕೂರಿಸಿ ಲೆಕ್ಕ ಹಾಕಿದಳು. ಏಪ್ರಿಲಿನ ಸರಾಸರಿ ಇಪ್ಪತ್ನಾಲ್ಕು. ಹಳ್ಳಿಗಳ ಇಪ್ಪತ್ತು ಬಿಟ್ಟರೆ ಉಳಿಯುವುದು ನಾಲ್ಕು. ಪೈಪಿಗೆ ಹನ್ನೆರಡು ಎಂದರೆ, ಎಂಟು ಕ್ಯುಸೆಕ್ ಮಡುವಿನಕೊಪ್ಪಲಿನ ಮೊಣಕಾಲು ನೀರಿನಿಂದಲೇ ಹೋಗಬೇಕು.

ವರದಿಯ ಸಭೆ ಶುಕ್ರವಾರ. ಅವತ್ತು ಮಂಗಳವಾರ.

ಬುಧವಾರ ಬೆಳಿಗ್ಗೆ ಅವಳು ಎರಡು ಅಂಕಿಯನ್ನೂ ಕಾರಣವನ್ನೂ, ಸಂತೆ, ಗಾಳಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನಾಗಾರ್ಜುನನ ಮೇಜಿನ ಮೇಲಿಟ್ಟಳು. ಅವನು ಓದಿದ. ಮೊದಲ ಸಲ ಅವನ ಬಾಯಿಂದ ತಮಾಷೆ ಬರಲಿಲ್ಲ. ಎದ್ದು ಹೋಗಿ ಒಳಕೋಣೆಯ ಬಾಗಿಲು ಮುಚ್ಚಿದೆಯೇ ನೋಡಿ ಬಂದ.

‘ಸರ್‌ಗೆ ತೋರ್ಸಿದ್ರಾ?’

ಇಲ್ಲವೆಂದು ತಲೆಯಾಡಿಸಿದಳು.

‘ತೋರ್ಸ್ಬೇಡಿ ಈಗ. ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಸರ್ ಆಗಲೇ ಫೋನಲ್ಲಿ ಮೂವತ್ತೈದು ಅಂತ ಹೇಳಿ ಎರಡು ತಿಂಗಳಾಯ್ತು. ಅದರ ಮೇಲೆ ಅಲ್ಲಿ ಪೈಪಿನ ಡಿಸೈನೇ ಆಗೋಗಿದೆ. ಈಗ ಹೋಗಿ ಇಪ್ಪತ್ನಾಲ್ಕು ಅಂದ್ರೆ ಅವರು ನಮ್ಮನ್ನ ಏನಂದ್ಕೋತಾರೆ? ಮುಂದಿನ ಎರಡು ಕಟ್ಟೆ ಕೆಲಸ ಬರುತ್ತಾ? ಆಮೇಲೆ ಬರೋ ಪ್ರಶ್ನೆ ಏನು ಗೊತ್ತಾ, ಸೊನ್ನೆ ಹಾಕಿದ್ದು ಯಾರು ಅನ್ನೋದು.’

ಹಾಕಿ ಅಂದದ್ದು ನೀವು ಎಂದು ಅವಳ ನಾಲಿಗೆಯ ತುದಿಗೆ ಬಂತು. ಆದರೆ ಅದೂ ಪೂರಾ ನಿಜವಲ್ಲ. ಅವನು ಅಂದದ್ದು ಒಂದು ಸೊನ್ನೆಗೆ. ಉಳಿದ ಎಪ್ಪತ್ತೆಂಟು ಅವಳವೇ.

‘ಸಭೆ ಮುಗೀಲಿ,’ ಎಂದು ನಾಗಾರ್ಜುನ ದನಿ ಇಳಿಸಿದ. ‘ಒಂದೆರಡು ತಿಂಗಳಾದ ಮೇಲೆ ತಿದ್ದುಪಡಿ ಅಂತ ಒಂದು ಕಾಗದ ಕಳಿಸೋಣ. ಯಾರಿಗೂ ಮುಖಭಂಗ ಇಲ್ಲ. ಆಯ್ತಾ?’ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಅವಳು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಅವನು ಅದನ್ನು ಹೂಂ ಎಂದೇ ತಿಳಿದ.

ಗುರುವಾರ ಇನ್ನೊಂದು ಹಾಳೆ ಬರೆದು ಪ್ರಭುಸ್ವಾಮಿಯವರ ಫೈಲಿನ ಮೇಲೆ ಪಿನ್ನು ಚುಚ್ಚಿ ಇಟ್ಟಳು. ಅವರು ದಿನವಿಡೀ ಜೆರಾಕ್ಸಿನವನ ಜೊತೆ, ಬೈಂಡಿಂಗಿನವನ ಜೊತೆ ಓಡಾಡಿದರು. ಸಂಜೆ ಅವಳ ಮುಂದೆಯೇ ಆ ಫೈಲು ತೆರೆದರು, ಹಾಳೆ ತೆಗೆದರು. ಅದರ ಬೆನ್ನಿನ ಖಾಲಿ ಜಾಗದಲ್ಲಿ ನಾಳೆ ಎಷ್ಟು ಕಾಫಿ, ಎಷ್ಟು ಮದ್ದೂರು ವಡೆ ಎಂದು ಬರೆದು ಕೆಳಗಿನ ಹೋಟೆಲಿಗೆ ಕಳಿಸಿಬಿಟ್ಟರು.

ಮನೆಯಲ್ಲಿ ಬಸವಮ್ಮ ತಟ್ಟೆಗೆ ಸಾರು ಬಡಿಸುತ್ತ ಮಗಳ ಮುಖವನ್ನೇ ನೋಡಿದರು. ‘ಏನಾಯ್ತು ಮಗಾ? ಯಾರಾದ್ರೂ ಏನಾದ್ರೂ ಅಂದ್ರಾ?’

‘ಇಲ್ಲಮ್ಮ.’

‘ಮತ್ತೆ ನೀನೇನಾದ್ರೂ ಅಂದ್ಯಾ?’ ಎಂದು ಕೇಳಿ, ತಾವೇ ನಕ್ಕರು. ‘ನೀನೆಲ್ಲಿ ಅಂದೀಯ, ಬುಡು.’

ಸಂಘಮಿತ್ರ ಆ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದಳು. ಏಕೆಂದರೆ ಒಂದು ತೀರ್ಮಾನಕ್ಕೆ ಬಂದಿದ್ದಳು: ಸುಮ್ಮನಿರುವುದು. ನಾಗಾರ್ಜುನ ಹೇಳಿದಂತೆ ಎರಡು ತಿಂಗಳ ಮೇಲೆ ಕಾಗದ ಹೋಗುತ್ತದೆ. ಪೈಪು ನೆಲದೊಳಗೆ ಹೂಳುವುದಕ್ಕೆ ಹೇಗೂ ವರ್ಷ ಹಿಡಿಯುತ್ತದೆ. ಬೆಳಿಗ್ಗೆ ಎದ್ದಾಗಲೂ ತೀರ್ಮಾನ ಹಾಗೇ ಇತ್ತು. ಒಂದು ಒಳ್ಳೆಯ ಸೀರೆ ಉಟ್ಟಳು.

ಹನ್ನೊಂದಕ್ಕೆ ಸದಾಶಿವಯ್ಯ ಬಂದರು, ಜೊತೆಗೆ ಇಲಾಖೆಯ ಇನ್ನಿಬ್ಬರು. ಹೊರಗಿನ ಕೋಣೆಯಲ್ಲಿ ಮೇಜುಗಳನ್ನು ಜೋಡಿಸಿ ಬಟ್ಟೆ ಹಾಸಿದ್ದರು. ಅವಳಿಗೆ ಕಿಟಕಿಯ ಪಕ್ಕ, ಗೋಡೆಗೆ ಒತ್ತಿದ ಸ್ಟೂಲು. ಕೆಲಸ ಇಷ್ಟೇ: ಕೇಳಿದ ಪಟ್ಟಿಯನ್ನು ತೆಗೆದುಕೊಡುವುದು. ಪ್ರಭುಸ್ವಾಮಿ ತೊಟ್ಟಿಯ ಉದಾಹರಣೆಯಿಂದ ಶುರುಮಾಡಿದರು. ಸದಾಶಿವಯ್ಯ ವಡೆ ಮುರಿಯುತ್ತ ಕೇಳುತ್ತಿದ್ದರು. ದಪ್ಪ ಕನ್ನಡಕ, ತೂಕಡಿಸುವವರಂತೆ ಕಾಣುವ ಕಣ್ಣು, ಆದರೆ ಪುಟ ತಿರುಗಿಸುವುದನ್ನು ಬಿಟ್ಟಿರಲಿಲ್ಲ.

‘ಮೂವತ್ತೈದು ಅಂತ ಧೈರ್ಯವಾಗಿ ಬರೆದಿದ್ದೀರಿ,’ ಎಂದರು ಅವರು.

‘ಇಪ್ಪತ್ತು ವರ್ಷದ ದಿನದಿನದ ಲೆಕ್ಕ ಸ್ವಾಮಿ. ನಮ್ಮ ಹುಡುಗಿ ಆರು ತಿಂಗಳು ಕೂತು ಮಾಡಿದ್ದಾಳೆ,’ ಎಂದು ಪ್ರಭುಸ್ವಾಮಿ ಅವಳ ಕಡೆ ಕೈ ತೋರಿಸಿದರು. ‘ಬಾಯಿಲ್ಲ, ಆದರೆ ಕೈ ಚಿನ್ನ.’

ಮೂರೂ ಜನ ತಿರುಗಿ ಅವಳನ್ನು ನೋಡಿದರು. ಅವಳು ಸ್ಟೂಲಿನ ಮೇಲೆ ಇನ್ನಷ್ಟು ಚಿಕ್ಕದಾಗಿ ಕೂತಳು.

ಸದಾಶಿವಯ್ಯ ಕೊನೆಯ ಪಟ್ಟಿಗೆ ಬಂದಿದ್ದರು. ಬೆರಳಿಟ್ಟು ಸಾಲು ಸಾಲೇ ಓದಿದರು. ‘ಇದೇನ್ರೀ? ಏಪ್ರಿಲಲ್ಲಿ ಇಷ್ಟೊಂದು ಸೊನ್ನೆ? ನಿಮ್ಮ ಹೊಳೆ ವಾರಕ್ಕೊಂದು ರಜಾ ಹಾಕುತ್ತಾ?’

ಪ್ರಭುಸ್ವಾಮಿ ಆ ಪಟ್ಟಿಯನ್ನು ಈಗಲೇ ಮೊದಲು ನೋಡುತ್ತಿದ್ದರೆಂದು ಅವರ ಮುಖವೇ ಹೇಳಿತು. ಕನ್ನಡಕ ಹಣೆಯಿಂದ ಇಳಿಸಿಕೊಂಡರು. ಅಷ್ಟರಲ್ಲಿ ನಾಗಾರ್ಜುನ ಕೈಯ ವಡೆಯನ್ನು ತಟ್ಟೆಯಲ್ಲಿಟ್ಟ.

‘ಅದು ಗೇಜು ಓದೋನ ಪ್ರಾಬ್ಲಮ್ ಸರ್,’ ಎಂದ ನಗುತ್ತ. ‘ಹಳ್ಳಿ ಮನುಷ್ಯ. ಮಂಗಳವಾರ ಸಂತೆ ಅಂತ ಹೊರಟುಬಿಡ್ತಿದ್ನಂತೆ. ಕುಂತಲ್ಲೇ ಏನೋ ಒಂದು ಅಂಕಿ ಗೀಚೋದು. ಅಂಥ ಕಳ್ಳ ರೀಡಿಂಗನ್ನೆಲ್ಲ ಹುಡುಕಿ ತೆಗೆದು ಸರಿ ಮಾಡಿದೀವಿ. ಇಲ್ದೇ ಇದ್ರೆ ಹೊಳೆ ಹಿಂದಕ್ಕೆ ಹರೀತಿತ್ತು.’

ಇಲಾಖೆಯ ಇಬ್ಬರೂ ನಕ್ಕರು. ಒಬ್ಬ ‘ನಮ್ಮಲ್ಲೂ ಇದಾರೆ ಬಿಡಿ, ಮನೇಲಿ ಕೂತು ಒಂದು ತಿಂಗಳದ್ದು ಬರೆದು ತರೋರು’ ಎಂದ. ಸದಾಶಿವಯ್ಯನವರೂ ತಲೆಯಾಡಿಸಿದರು. ಪ್ರಭುಸ್ವಾಮಿಯವರ ಮುಖ ಸಡಿಲವಾಯಿತು. ‘ಅಂಥವರ ಮೇಲೆ ಒಂದು ಟಿಪ್ಪಣಿ ಹಾಕೋಣ ವರದಿಯಲ್ಲಿ. ಓದುವವನು ನಂಬಿಕಸ್ತ ಅಲ್ಲ ಅಂತ. ಹೆಸರೇನಪ್ಪ ಅವನದು?’ ಎಂದು ಪೆನ್ನು ತೆಗೆದರು.

‘ಪುಟ್ಟ ಏನೋ, ಸರ್,’ ಎಂದ ನಾಗಾರ್ಜುನ.

ಪಾತ್ರೆ ಅಂಗಡಿಯವನು ಕೆಳಗೆ ಯಾವುದೋ ಕೊಳಗಕ್ಕೆ ಹೆಸರು ಕೊರೆಯುತ್ತಿದ್ದ ಸದ್ದು ನಿಂತಿತು. ಸಂಘಮಿತ್ರ ತಾನು ಎದ್ದು ನಿಂತಿರುವುದನ್ನು ಸ್ಟೂಲು ಗೋಡೆಗೆ ತಾಗಿದ ಶಬ್ದದಿಂದ ತಿಳಿದುಕೊಂಡಳು. ಕೈಯಲ್ಲಿದ್ದ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟಳು.

‘ಏನಮ್ಮ?’ ಎಂದರು ಪ್ರಭುಸ್ವಾಮಿ. ನೀರು ಬೇಕಾಗಿರಬೇಕು ಎಂದುಕೊಂಡವರಂತೆ ಲೋಟದ ಕಡೆ ನೋಡಿದರು.

ಮೊದಲ ಸಲ ದನಿ ಹೊರಡಲಿಲ್ಲ. ನಾಗಾರ್ಜುನ ಅವಳ ಕಡೆ ನೋಡಿ, ಬೇಡವೆಂದು ಸಣ್ಣಗೆ ತಲೆ ಅಲ್ಲಾಡಿಸಿದ. ಎರಡನೇ ಸಲ ಹೊರಟಿತು. ಸಣ್ಣದಾಗಿತ್ತು, ಆದರೆ ಆ ಕೋಣೆಗೆ ಸಾಕಾಗಿತ್ತು.

‘ಪುಟ್ಟಮಾದಯ್ಯ ನೋಡಿಯೇ ಬರೆದಿದ್ದಾರೆ ಸರ್. ಸೊನ್ನೆ ಹಾಕಿದ್ದು ನಾನು. ಹೊಳೆಯಲ್ಲಿರುವುದು ಇಪ್ಪತ್ನಾಲ್ಕೇ.’